ತಲಾಠಿ ಮಗ ಮತ್ತು ಎಪ್ಪತ್ತೇಳು ಅಕ್ಷರ

ಗುಂಪು: ಮನಿ ಮಂದಿ
ರವಿವಾರ

ವಿಜಯಪುರ ಕಾಕಾ, 7:12
*ಫಾರ್ವರ್ಡ್ ಆದದ್ದು*
ಹರಗೋವಿಂದ ಖೋರಾನಾ. ನೂರು ಜನರ ಹಳ್ಳಿಯ ತಲಾಠಿಯ ಮಗ. ಭಾರತಕ್ಕೆ ಮರಳಿ ಬಂದಾಗ ನೌಕರಿ ಸಿಗಲಿಲ್ಲ. ಹೊರದೇಶಕ್ಕೆ ಹೋಗಿ ಟಿಆರ್‌ಎನ್‌ಎ ಎಂಬ ಅಣುವನ್ನು ಒಬ್ಬನೇ ಕಂಡುಹಿಡಿದು 1968ರಲ್ಲಿ ನೊಬೆಲ್ ಗೆದ್ದ. ಹೆಮ್ಮೆಪಡಿ, ಹತ್ತು ಜನಕ್ಕೆ ಕಳಿಸಿ.

ವಿಜಯಪುರ ಕಾಕಾ, 7:13
ನಮ್ಮಪ್ಪನೂ ತಲಾಠಿನೇ ಇದ್ದ. ಹುಡುಗೂರು ಎಲ್ಲಾರೂ ಓದ್ರಿ.

ಗೋಕಾಕ ಅತ್ತಿ, 7:20
ಛೊಲೋ ಐತಿ. ಶುಭೋದಯ ಎಲ್ಲಾರಿಗೂ.

ನಾನು, 7:41
ಕಾಕಾ, ತಲಾಠಿ ಮಗ ಅನ್ನೋದು ಖರೆ. ಊರ ಹೊಲದ ಲೆಕ್ಕಾ ಬರಿಯೋ ತಲಾಠಿಗೆ ಪಂಜಾಬದಾಗ ಪಟವಾರಿ ಅಂತಾರ. ಊರಾಗ ಓದು ಬರಹ ಬರೋ ಮನಿ ಅಂದ್ರ ಹೆಚ್ಚುಕಡಿಮಿ ಅವರದ ಒಂದ ಇತ್ತು. ಆದರ ಟಿಆರ್‌ಎನ್‌ಎ (ಕೋಶದಾಗ ಪ್ರೋಟೀನ್ ಕಟ್ಟಾಕ ನೆರವಾಗೋ ಸಣ್ಣ ಅಣು) ಕಂಡುಹಿಡಿದವರು ಅವರಲ್ಲ. ಬಾಸ್ಟನ್ನಿನ ಝಾಮೆಕ್ನಿಕ್ ಮತ್ತ ಹೋಗ್ಲಂಡ್, 1950ರ ದಶಕದ ಕೊನಿಗೆ. ಅದರ ಅಕ್ಷರಗಳನ್ನ, ಅಂದ್ರ ಅದರಾಗ ಸಾಲಾಗಿ ಪೋಣಿಸಿದ ಘಟಕಗಳನ್ನ, ಮೊದಲ ಸಲ ಪೂರ್ತಿ ಓದಿದವರು ರಾಬರ್ಟ್ ಹಾಲಿ, 1965ರಾಗ. ನೊಬೆಲ್ಲೂ ಒಬ್ಬರಿಗೇ ಬಂದಿದ್ದಲ್ಲ. ಹಾಲಿ, ಖೋರಾನಾ, ನಿರೆನ್‌ಬರ್ಗ್ ಮೂವರಿಗೆ ಕೂಡಿ.

ವಿಜಯಪುರ ಕಾಕಾ, 7:50
ನಮ್ಮವರ ಹೆಸರು ಬಂದ ಕೂಡಲೇ ನಿನಗ ತಪ್ಪು ಕಾಣ್ತಾವ. ಅಷ್ಟು ದೊಡ್ಡ ಮನಷ್ಯಾನ್ನ ಸಣ್ಣಾವ ಮಾಡಬ್ಯಾಡ.

ನಾನು, 7:58
ಸಣ್ಣಾವ ಮಾಡಾಕತ್ತಿಲ್ಲ ಕಾಕಾ. ಅವರು ಮಾಡಿದ್ದು ಇನ್ನೂ ದೊಡ್ಡದು, ಅದನ್ನ ಈ ಫಾರ್ವರ್ಡ್ ಹೇಳೇ ಇಲ್ಲ. ಹಾಲಿ ಓದಿದ್ರಲ್ಲ, ಅದ ಟಿಆರ್‌ಎನ್‌ಎದ ಜೀನನ್ನ (ಅದರ ಬರಹ ಇರೋ ಡಿಎನ್‌ಎ ತುಣುಕನ್ನ) ಖೋರಾನಾ ಅವರ ತಂಡ ರಾಸಾಯನಿಕಗಳಿಂದ ಶುರು ಮಾಡಿ ಕಟ್ಟಿತು. ಸಣ್ಣ ಸಣ್ಣ ತುಣುಕು ಮಾಡಿ, ಲೈಗೇಸ್ ಅನ್ನೋ ಕಿಣ್ವದಿಂದ ಬೆಸದು, 1970ಕ್ಕ ಮುಗಿಸಿದ್ರು. ಮನಷ್ಯಾ ಕಟ್ಟಿದ ಮೊದಲ ಜೀನು ಅದು. 1976ಕ್ಕ ಇನ್ನೊಂದು ಟಿಆರ್‌ಎನ್‌ಎ ಜೀನು ಕಟ್ಟಿ ಬ್ಯಾಕ್ಟೀರಿಯಾದಾಗ ಇಟ್ರು, ಅದು ಜೀವಂತ ಕೋಶದಾಗ ಕೆಲಸಾ ಮಾಡಿತು. ಹಾಲಿ ಅವರ 77 ಅಕ್ಷರ ಇರದಿದ್ರ ಮೊದಲಿಂದು ಯಾವ ನಕಾಶಿ ನೋಡಿ ಕಟ್ಟತಿದ್ರು?

ಬಾಗಲಕೋಟಿ ಅಣ್ಣ, 8:15
77 ಅಕ್ಷರಕ್ಕ ಎಷ್ಟು ವರ್ಷ ತಗೊಂಡ್ರು?

ನಾನು, 8:22
ಅಣುವನ್ನ ಶುದ್ಧ ಮಾಡೂದಕ್ಕ ವರ್ಷಗಟ್ಟಲೆ. ಆಮ್ಯಾಲೆ ಓದೂದಕ್ಕ ಎರಡೂವರಿ ವರ್ಷ. ಬ್ರೆಡ್ಡಿಗೆ ಹಾಕೋ ಯೀಸ್ಟ್ 140 ಕಿಲೋದಿಂದ ಎಲ್ಲಾ ನಮೂನಿ ಟಿಆರ್‌ಎನ್‌ಎ ಕೂಡಿ ಸಿಕ್ಕಿದ್ದು 200 ಗ್ರಾಂ. ಅದರಾಗ ಇವರಿಗೆ ಬೇಕಾದ, ಅಲನಿನ್ ಅನ್ನೋ ಅಮೈನೊ ಆಮ್ಲ ಹೊರೋ ಅಲನಿನ್ ಟಿಆರ್‌ಎನ್‌ಎ ಬರೇ ಒಂದು ಗ್ರಾಂ. ಆ ಒಂದ ಗ್ರಾಮಿನ ಮ್ಯಾಲೆ ಎರಡೂವರಿ ವರ್ಷದ ಕೆಲಸ.

ಬಾಗಲಕೋಟಿ ಅಣ್ಣ, 8:25
ಅದಕ್ಕ ಹೇಳೂದು ನಾ. ಒಂದು ಗ್ರಾಂ ಪುಡಿ ಹಿಡಕೊಂಡು ಆಯುಷ್ಯ ಕಳಿಯೂದು. ನೀನೂ ಅದನ್ನ ಮಾಡಾಕ ಹೊಂಟೀದಿ. ಎಂಎಸ್ಸಿ ಆತು, ಒಂದು ಕಾಲೇಜ್ ನೋಡ್ಕೊ ಇಲ್ಲಾ ಬ್ಯಾಂಕ್ ಪರೀಕ್ಷೆ ಬರಿ. ಮಂದಿಗೆ ಏನ ಉಪಯೋಗ ಹೇಳು.

ಗೋಕಾಕ ಅತ್ತಿ, 8:31
ಅಣ್ಣ ಅನ್ನೂದು ಖರೇ ಐತಿ. ಐದು ವರ್ಷ ಪಿಎಚ್‌ಡಿ ಅಂದ್ರ ಮೂವತ್ತು ದಾಟತಾವ. ಗಂಡಿನ ಕಡಿಯವರು ಏನ ಓದತಾಳ ಅಂತ ಕೇಳಿದ್ರ ನನಗ ಹೇಳಾಕ ಬರಬೇಕಲ್ಲ.

ನಾನು, 8:52
ಅತ್ತಿ, ಹಿಂಗ ಹೇಳ್ರಿ. ನಮ್ಮ ಮೈಯಾಗ ಪ್ರೋಟೀನ್ ಕಟ್ಟೂವಾಗ ಒಂದೊಂದು ಅಮೈನೊ ಆಮ್ಲವನ್ನ ಹೊತ್ತು ತರೂದು ಟಿಆರ್‌ಎನ್‌ಎ. ಯಾವ ಟಿಆರ್‌ಎನ್‌ಎ ಮ್ಯಾಲೆ ಯಾವ ಅಮೈನೊ ಆಮ್ಲ ಹೇರಬೇಕು ಅನ್ನೂದನ್ನ ಒಂದೊಂದು ಕಿಣ್ವ ನೋಡ್ಕೋತೈತಿ. ನಾ ಓದೂದು ಆ ಕಿಣ್ವಗಳನ್ನ.

ನಿಮ್ಮ ಅಂಗಳದಾಗ ಜ್ವಾಳ ಹೆಂಗ ಸ್ವಚ್ಛ ಮಾಡತೀರಿ? ಒಂದು ಸಾಣಿಗಿ ದೊಡ್ಡ ಕಸಾ ಮ್ಯಾಲ ಹಿಡೀತೈತಿ, ಇನ್ನೊಂದರಾಗ ಸಣ್ಣ ನುಚ್ಚು ಕೆಳಗ ಬೀಳತೈತಿ. ಐಸೊಲ್ಯೂಸಿನ್ ಅನ್ನೋ ಅಮೈನೊ ಆಮ್ಲ ಹೇರೋ ಕಿಣ್ವದಾಗೂ ಎರಡು ಜಾಗ ಅದಾವ. ಮೊದಲಿನ ಜಾಗ ದೊಡ್ಡ ಅಣುಗಳನ್ನ ಒಳಗ ಬಿಡೂದಿಲ್ಲ. ವ್ಯಾಲಿನ್ ಅನ್ನೂದು ಐಸೊಲ್ಯೂಸಿನ್‌ಕಿಂತ ಒಂದ ಇಂಗಾಲದಷ್ಟು ಸಣ್ಣದು, ಅದು ನುಸುಳತೈತಿ. ಹಂಗ ನುಸುಳಿದ್ದನ್ನ ಎರಡನೇ ಜಾಗ ಹಿಡದು ಕತ್ತರಿಸಿ ಒಗೀತೈತಿ. ಖರೆ ಐಸೊಲ್ಯೂಸಿನ್ ಎರಡನೇ ಜಾಗಕ್ಕ ಹಿಡಿಸೂದೇ ಇಲ್ಲ, ಅದಕ್ಕ ಪಾರಾಗತೈತಿ. ಆಲನ್ ಫರ್ಷ್ಟ್ 1977ರಾಗ ಇದಕ್ಕ ಜೋಡಿ ಸಾಣಿಗಿ ಅಂತನ ಹೆಸರಿಟ್ಟಾರ. ಇಷ್ಟೆಲ್ಲಾ ಸೋಸಿದ ಮ್ಯಾಲೆ ತಪ್ಪು ಉಳಿಯೂದು ಮೂರು ಸಾವಿರಕ್ಕ ಒಂದರ ಆಸುಪಾಸು.

ಗೋಕಾಕ ಅತ್ತಿ, 9:01
ಸಾಣಿಗಿದು ತಿಳೀತು. ಆದರ ಕಿಣ್ವ ತಪ್ಪು ಹೇರಿದ್ರ ಮುಂದ ಯಾರೂ ನೋಡೂದಿಲ್ಲೇನ?

ನಾನು, 9:10
ನೋಡೂದಿಲ್ಲ ಅಂತನ ತಿಳಕೋರಿ. 1962ರಾಗ ಶಾಪ್‌ವಿಲ್, ಲಿಪ್‌ಮನ್ ಮತ್ತ ಅವರ ಸಂಗಾತಿಗಳು ಟಿಆರ್‌ಎನ್‌ಎ ಮ್ಯಾಲೆ ಹೇರಿದ್ದ ಸಿಸ್ಟೀನ್ ಅನ್ನೋ ಅಮೈನೊ ಆಮ್ಲವನ್ನ ಅಲ್ಲೇ ಅಲನಿನ್ ಮಾಡಿ ಬಿಟ್ರು. ಪ್ರೋಟೀನ್ ಕಟ್ಟೋ ಯಂತ್ರ ಸಿಸ್ಟೀನ್ ಇರಬೇಕಾದ ಜಾಗಾದಾಗ ಅಲನಿನ್ ಕೂಡಿಸಿತು. ಬಸ್ಸಿನಾಗ ಪಾರ್ಸಲ್ ಕಳಸ್ತೀವಲ್ಲ, ಕಂಡಕ್ಟರ್ ಮ್ಯಾಲಿನ ಚೀಟಿ ಓದಿ ಇಳಸ್ತಾನ, ಡಬ್ಬಿ ಬಿಚ್ಚಿ ನೋಡೂದಿಲ್ಲ. ಅದಕ್ಕ ಚೀಟಿ ಹಚ್ಚೋ ಆ ಕಿಣ್ವ ಹುಷಾರಿ ಇರಬೇಕು. ನನ್ನ ಮನಸ್ಸು ಕೂತದ್ದ ಅಲ್ಲಿ.

ಬಾಗಲಕೋಟಿ ಅಣ್ಣ, 9:14
ಪಾಠ ಛೊಲೋ ಹೇಳತಿ. ಉಪಯೋಗ ಇನ್ನೂ ಹೇಳಿಲ್ಲ.

ನಾನು, 9:20
ಬೆಳಗಾವಿ ಅಕ್ಕಾ, ಮಳಿಗಾಲದಾಗ ಸಣ್ಣಾವನ ಬಾಯಿ ಹತ್ರ ಕೀವು ಹುಣ್ಣು ಆಗಿದ್ದುವಲ್ಲ. ಡಾಕ್ಟರ್ ಕೊಟ್ಟ ಮುಲಾಮಿನ ಟ್ಯೂಬ್ ಐತೇನ?

ಬೆಳಗಾವಿ ಅಕ್ಕ, 9:33
*ಫೋಟೊ*
ಅರ್ಧಾ ಉಳದೈತಿ. ಮುಪಿರೋಸಿನ್ ಅಂತ ಬರದೈತಿ. ನಾಕೈದು ದಿನದಾಗ ಒಣಗಿದ್ದುವು.

ನಾನು, 9:36
ಮುಪಿರೋಸಿನ್ ಹಿಡದು ಕೂಡೂದು ಬ್ಯಾಕ್ಟೀರಿಯಾದ ಇದ ಐಸೊಲ್ಯೂಸಿನ್ ಕಿಣ್ವವನ್ನ. ಕಿಣ್ವ ನಿಂತ್ರ ಪ್ರೋಟೀನ್ ನಿಲ್ಲತೈತಿ. ನಮ್ಮ ಕೋಶದ ಕಿಣ್ವಕ್ಕ ಅದು ಅಷ್ಟು ಅಂಟೂದಿಲ್ಲ, ಅದಕ್ಕ ಕೂಸಿನ ಮುಖಕ್ಕ ಹಚ್ಚಿದ್ರೂ ನಡೀತೈತಿ.

ಬಾಗಲಕೋಟಿ ಅಣ್ಣ, 9:42
ಆ ಮುಲಾಮು ಟಿಆರ್‌ಎನ್‌ಎ ಓದಿದವರೇ ಹುಡಿಕಿದ್ರಾ?

ನಾನು, 9:50
ಇಲ್ಲ. ಮುಪಿರೋಸಿನ್ ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾದಾಗ. ರೋಗಾಣು ಕೊಲ್ಲತೈತಿ ಅಂತ ಮೊದಲ ಗೊತ್ತಾತು, ಹೆಂಗ ಕೊಲ್ಲತೈತಿ ಅನ್ನೂದು ಆಮ್ಯಾಲೆ. ಆದರ ಕಿಣ್ವದ ಕೆಲಸ ಮೊದಲ ತಿಳದಿತ್ತಂತ ಆ ಹೆಂಗ ಅನ್ನೂದಕ್ಕ ಉತ್ತರ ಸಿಕ್ತು. ಈಗ ಯಾವರೆ ರೋಗಾಣು ಈ ಮುಲಾಮಿಗೆ ಬಗ್ಗಲಿಲ್ಲಂದ್ರ ಎಲ್ಲಿ ನೋಡಬೇಕು ಅನ್ನೂದು ಗೊತ್ತೈತಿ.

ಇನ್ನೊಂದು ಕೇಳು. ಹಾಲಿ ಓದಿದ 77 ಅಕ್ಷರದಾಗ ಕೆಲವು ಬ್ಯಾರೇನ ಇದ್ವು. ಒಂದಕ್ಕ ಸೂಡೊಯುರಿಡಿನ್ ಅಂತಾರ. ಮಾಮೂಲಿ ಯುರಿಡಿನ್ನೇ, ಜೋಡಣಿ ಒಂಚೂರು ತಿರಿವ್ಯಾಡೈತಿ. 2005ರಾಗ ಕಾರಿಕೊ ಮತ್ತ ವೈಸ್‌ಮನ್ ಬ್ಯಾರೆ ಬ್ಯಾರೆ ಆರ್‌ಎನ್‌ಎ ರೋಗನಿರೋಧಕ ಕೋಶಗಳ ಮ್ಯಾಲೆ ಹಾಕಿ ನೋಡಿದ್ರು. ಭಾಳ ಆರ್‌ಎನ್‌ಎಗಳಿಗೆ ಕೋಶ ಕೆರಳಿದ್ವು. ಪ್ರಾಣಿಗಳ ಟಿಆರ್‌ಎನ್‌ಎಗೆ ಸುಮ್ಮನಿದ್ವು. ಯಾಕಂದ್ರ ಅದರ ತುಂಬ ಇಂಥಾ ಬದಲಾದ ಅಕ್ಷರ. ಅದ ಸುಳುವು ಹಿಡದು ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟೂ ಸೂಚನಿ ಒಯ್ಯೋ ಆರ್‌ಎನ್‌ಎ) ಒಳಗ ಅಕ್ಷರ ಬದಲು ಮಾಡಿದ್ರು. ಎಂಆರ್‌ಎನ್‌ಎ ನಮೂನಿ ಕೋವಿಡ್ ಲಸಿಕಿ ಅದರ ಮ್ಯಾಲೆ ನಿಂತೈತಿ. 2023ರ ನೊಬೆಲ್ ಅವರಿಗೆ ಬಂತು.

ಬಾಗಲಕೋಟಿ ಅಣ್ಣ, 9:58
ನಾವೆಲ್ಲಾ ಹಾಕ್ಕೊಂಡಿದ್ದು ಕೋವಿಶೀಲ್ಡ್. ಅದರಾಗ ಎಂಆರ್‌ಎನ್‌ಎ ಇಲ್ಲ.

ನಾನು, 10:02
ಹೌದು, ಅದು ಬ್ಯಾರೆ ನಮೂನಿ ಲಸಿಕಿ. ನಮ್ಮ ತೋಳಿಗೆ ಬರಲಿಲ್ಲ. ಜಗತ್ತಿನಾಗ ಕೋಟಿಗಟ್ಟಲೆ ಮಂದಿ ತೋಳಿಗೆ ಹೋತು. 1965ಕ್ಕೂ 2005ಕ್ಕೂ ನಡುವ ನಲವತ್ತು ವರ್ಷ. ಹಾಲಿ 1993ರಾಗ ತೀರಿಕೊಂಡ್ರು, ಅವರು ಇದನ್ನ ನೋಡಲಿಲ್ಲ. ನೋಡಲಿಲ್ಲಂತ ಆ ಒಂದು ಗ್ರಾಂ ಹಾಳಾತು ಅನ್ನೂದನ್ನ ನಾ ಒಪ್ಪೂದಿಲ್ಲ ಅಣ್ಣ.

ವಿಜಯಪುರ ಕಾಕಾ, 10:20
ಒಂದು ಕೇಳ್ತೀನಿ. ಆ 77 ಅಕ್ಷರ ಓದಿದ್ದು ಹ್ಯಾಂಗ? ಆಗ ಯಂತ್ರ ಎಲ್ಲಿದ್ದವು?

ನಾನು, 10:31
ಕಿಣ್ವಗಳೇ ಯಂತ್ರ ಕಾಕಾ. ಒಂದು ಕಿಣ್ವ ಜಿ ಅನ್ನೋ ಅಕ್ಷರ ಮುಗದ ಕೂಡಲೇ ಮಾತ್ರ ಕತ್ತರಸತೈತಿ. ಇನ್ನೊಂದು ಸಿ ಇಲ್ಲಾ ಯು ಮುಗದ ಕೂಡಲೇ. ಎರಡೂ ಕಡಿ ತುಣುಕು ಓದಿ, ಒಂದರ ತುದಿ ಇನ್ನೊಂದರ ನಡುವ ಎಲ್ಲಿ ಕೂಡತೈತಿ ಅಂತ ನೋಡಿ ನೋಡಿ ಸಾಲು ಹಚ್ಚಿದ್ರು.

ಅಪ್ಪ, 10:40
ಅಣ್ಣಾ, ಅಪ್ಪಂದು ತೆಗ್ಗಿನ ಹೊಲದ ಉತಾರ ನೆನಪೈತೇನು? ಎರಡು ಪ್ರತಿ, ಎರಡಕ್ಕೂ ಗೆದ್ದಲ ಹತ್ತಿತ್ತು.

ವಿಜಯಪುರ ಕಾಕಾ, 10:47
ನೆನಪಿಲ್ಲದೆ ಏನು. ಒಂದರಾಗ ಹೋದದ್ದು ಇನ್ನೊಂದರಾಗ ಉಳದಿತ್ತು. ಅಪ್ಪ ಕಂದೀಲ ಹಚ್ಚಿ ಮೂರು ರಾತ್ರಿ ಕುಂತು ಸರ್ವೆ ನಂಬರು, ಗುಂಟೆ, ಸಹಿ ಎಲ್ಲಾ ಕೂಡಿಸಿ ಬರದಿದ್ದ. ಅವನ ಕಣ್ಣಿಗೆ ನೀರು ಬರತಿತ್ತು, ಬಿಡಲಿಲ್ಲ.

ವಿಜಯಪುರ ಕಾಕಾ, 10:49
ಐದು ವರ್ಷ ಅಂದ್ಯಲ್ಲ. ರೊಕ್ಕ ಎಷ್ಟು ಕೊಡತಾರ?

ನಾನು, 10:52
ಫೆಲೋಶಿಪ್ ಐತಿ ಕಾಕಾ. ಮನಿಯಿಂದ ಕೇಳೂದಿಲ್ಲ.

ಗೋಕಾಕ ಅತ್ತಿ, 10:55
ನಾ ಅವರಿಗೆ ಸಾಣಿಗಿದು ಹೇಳತೀನಿ. ತಿಳೀಲಿಲ್ಲ ಅಂದ್ರ ಅಂಥಾ ಮನಿ ಬ್ಯಾಡ.

ಬಾಗಲಕೋಟಿ ಅಣ್ಣ, 11:03
ನಾ ಇನ್ನೂ ಒಪ್ಪಿಲ್ಲ. ಐದು ವರ್ಷ ಆದಮ್ಯಾಲೆ ನೌಕರಿ ಎಲ್ಲಿ ಅಂತ ಮತ್ತ ಕೇಳತೀನಿ. ಆದರ ಹೋಗೂ ದಿನ ಸ್ಟೇಶನ್ನಿಗೆ ನಾ ಬಿಡತೀನಿ.

ವಿಜಯಪುರ ಕಾಕಾ, 11:10
ಆ ಫಾರ್ವರ್ಡ್ ಇನ್ನೂ ಮೂರು ಗುಂಪಿಗೆ ಹಾಕೀನಿ. ಸರಿ ಮಾಡಿ ಬರದು ಕೊಡು, ಅಲ್ಲೂ ಹಾಕ್ತೀನಿ.

ನಾನು, 11:12
ಈಗ ಬರೀತೀನಿ ಕಾಕಾ. ಹಾಲಿ ಅವರ ಹೆಸರು ಮೊದಲ ಬರತೈತಿ.

ವಿಜಯಪುರ ಕಾಕಾ, 11:13
ಬರಲಿ. ತಲಾಠಿ ಮಗ ಅನ್ನೂದು ಮಾತ್ರ ತಗೀಬ್ಯಾಡ.