ರೇಡಿಯೇಟರ್‌ಗೆ ನಲ್ಲಿ ನೀರು ಸಾಕೇ? ನಮ್ಮ ಮನೆಯ ಗುಂಪಿನಲ್ಲಿ ಎರಡು ದಿನ ನಡೆದ ಚರ್ಚೆ

ಶನಿವಾರ

ಶಿವಮೊಗ್ಗ ದೊಡ್ಡಪ್ಪ:
ಎಲ್ಲರೂ ಈ ವಿಡಿಯೊವನ್ನು ಪೂರ್ತಿಯಾಗಿ ನೋಡಬೇಕೆಂದು ಕೋರುತ್ತೇನೆ. ಎಂಜಿನ್ ಬಿಸಿ ಇರುವಾಗಲೇ ರೇಡಿಯೇಟರ್‌ನ ಮುಚ್ಚಳ ತೆಗೆದು, ಎಂಜಿನ್ನನ್ನು ತಂಪಾಗಿಡುವ ಹಳೆಯ ದ್ರವವನ್ನು, ಅಂದರೆ ಕೂಲೆಂಟನ್ನು, ಚರಂಡಿಗೆ ಬಿಟ್ಟು, ವಿನೆಗರ್ ಬೆರೆಸಿದ ನೀರಿನಿಂದ ತೊಳೆದು, ಕೊನೆಗೆ ನಲ್ಲಿ ನೀರು ತುಂಬಿದರೆ ಸಾಕೆಂದು ಇದರಲ್ಲಿ ತೋರಿಸಿದ್ದಾರೆ. ನೀರು ಹೆಪ್ಪುಗಟ್ಟುವ ದೇಶದವರಿಗೆ ಕೂಲೆಂಟ್ ಬೇಕು, ನಮಗೇಕೆ ಎಂಬ ಅವರ ಪ್ರಶ್ನೆ ನನಗೂ ಸರಿಯೆನಿಸಿತು. ಕಳೆದ ತಿಂಗಳು ಉಡುಪಿಯಿಂದ ಮರಳುವಾಗ, ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯಲ್ಲಿ ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಸಮೀಪಕ್ಕೆ ಹೋಗಿತ್ತು. ಆದ್ದರಿಂದ ನಾಳೆ ಬೆಳಿಗ್ಗೆ ನಾನೇ ಈ ಕೆಲಸಕ್ಕೆ ಕೈಹಾಕಬೇಕೆಂದಿದ್ದೇನೆ.

ಹಾಸನ ಚಿಕ್ಕಪ್ಪ:
ಅಣ್ಣ, ನಿನ್ನ ಮಾತು ಸರಿಯಾಗಿದೆ. ನಾನು ಹದಿನೆಂಟು ವರ್ಷ ಅಂಬಾಸಿಡರ್ ಓಡಿಸಿದವನು. ಶಿರಾಡಿ ಘಾಟಿ ಹತ್ತಿದ ಮೇಲೆ ಬಾನೆಟ್ ತೆರೆದು, ತೊರೆಯ ನೀರನ್ನು ಕ್ಯಾನಿನಲ್ಲಿ ತಂದು ಹೊಯ್ದು ಮುಂದೆ ಹೋಗುತ್ತಿದ್ದೆವು. ಕೂಲೆಂಟ್ ಎಂಬ ಹೆಸರನ್ನೇ ಆಗ ಕೇಳಿರಲಿಲ್ಲ, ಗಾಡಿಗೆ ಏನೂ ಆಗಲಿಲ್ಲ.

ಬೆಂಗಳೂರು ಭಾವ:
ಮಾವ, ಇಬ್ಬರೂ ಕ್ಷಮಿಸಬೇಕು. ಇದು ಮನೆಯಂಗಳದಲ್ಲಿ ಮಾಡುವ ಕೆಲಸವೇ ಅಲ್ಲ. ಮುಳ್ಳು ಏಕೆ ಏರಿತು ಎಂಬುದನ್ನು ತಿಳಿಯದೆ ಒಳಗಿನ ದ್ರವವನ್ನು ಬದಲಾಯಿಸಿದರೆ, ಜ್ವರದ ಕಾರಣ ಹುಡುಕದೆ ಸ್ನಾನ ಮಾಡಿಸಿದಂತಾಗುತ್ತದೆ. ಸರ್ವಿಸ್ ಸೆಂಟರ್‌ಗೆ ಕೊಡುವುದೇ ಕ್ಷೇಮ.

ನಾನು:
ದೊಡ್ಡಪ್ಪ, ಮನೆಯಲ್ಲಿ ಮಾಡಬಹುದು ಎಂಬ ವಿಷಯದಲ್ಲಿ ನಾನು ನಿಮ್ಮ ಕಡೆ ಇದ್ದೇನೆ. ಆದರೆ ಆ ವಿಡಿಯೊದ ರೀತಿಯಲ್ಲಿ ದಯವಿಟ್ಟು ಮಾಡಬೇಡಿ. ಮೊದಲನೆಯದಾಗಿ, ಬಿಸಿ ಇರುವಾಗ ಮುಚ್ಚಳವನ್ನು ಮುಟ್ಟಲೇಬಾರದು. ಶಿವಮೊಗ್ಗವಾಗಲಿ ಬೆಂಗಳೂರಾಗಲಿ, ತೆರೆದ ಪಾತ್ರೆಯ ನೀರು ನೂರು ಡಿಗ್ರಿಯ ಒಳಗೇ ಕುದಿಯುತ್ತದೆ. ರೇಡಿಯೇಟರ್‌ನ ಮುಚ್ಚಳ ಸುಮಾರು 1 ಬಾರ್‌ನಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಡುವುದರಿಂದ, ಅದೇ ನೀರು 120 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ಸುಮ್ಮನಿರುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದ ಕ್ಷಣದಲ್ಲೇ ಅದು ಕುದಿದು, ಹಬೆಯ ಸಮೇತ ಮುಖಕ್ಕೂ ಎದೆಗೂ ಚಿಮ್ಮುತ್ತದೆ. ಪ್ರೆಶರ್ ಇಳಿಯದ ಕುಕ್ಕರ್‌ನ ಮುಚ್ಚಳವನ್ನು ನಮ್ಮ ಅಮ್ಮಂದಿರು ಎಂದಾದರೂ ತೆಗೆದಿದ್ದಾರೆಯೇ? ರಾತ್ರಿಯಿಡೀ ನಿಂತ ಕಾರಿನ ಮುಚ್ಚಳವನ್ನು ಬೆಳಿಗ್ಗೆ ತೆಗೆಯುವುದೊಂದೇ ಸರಿಯಾದ ದಾರಿ.

ಚಿಕ್ಕಪ್ಪ, ನಿಮ್ಮ ಅಂಬಾಸಿಡರ್‌ನ ಎಂಜಿನ್ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು. ಅದು ಸೋರಿದಾಗ ನೀವು ಬೆಸುಗೆಯವನ ಅಂಗಡಿಗೆ ಹೊತ್ತೊಯ್ದದ್ದು ನನಗೆ ನೆನಪಿದೆ. ಆತ ಮೇಲಿನ ತೊಟ್ಟಿಯನ್ನು ಬಿಚ್ಚಿ, ಉದ್ದನೆಯ ತೆಳ್ಳಗಿನ ಸಲಾಕೆಯನ್ನು ಒಂದೊಂದೇ ಕೊಳವೆಗೆ ತೂರಿಸಿ ಎಳೆದಾಗ, ಇಟ್ಟಿಗೆಪುಡಿಯ ಬಣ್ಣದ ಕೆಸರು ಅಂಗಡಿಯ ನೆಲದ ಮೇಲೆಲ್ಲ ಹರಿದಿತ್ತು. ಅದು ಎಂಜಿನ್ನಿನದೇ ಕಬ್ಬಿಣ, ಹದಿನೆಂಟು ವರ್ಷ ಹೊಯ್ದ ನೀರು ಕರಗಿಸಿ ತಂದದ್ದು. ಈಗಿನ ಕಾರುಗಳ ರೇಡಿಯೇಟರ್‌ನಲ್ಲಿ ತೆಳುವಾದ ಅಲ್ಯೂಮಿನಿಯಂ ಕೊಳವೆಗಳೂ ಎರಡು ಬದಿಗೆ ಪ್ಲಾಸ್ಟಿಕ್ ತೊಟ್ಟಿಗಳೂ ಇರುತ್ತವೆ. ಅದಕ್ಕೆ ಬೆಸುಗೆಯವನೂ ಇಲ್ಲ, ಸಲಾಕೆಯೂ ಇಲ್ಲ. ಹೋದರೆ ಪೂರ್ತಿ ಬದಲಾಯಿಸಬೇಕು.

ಹಾಸನ ಚಿಕ್ಕಪ್ಪ:
ಕೆಸರು ಬಂದದ್ದು ನಿಜ, ಒಪ್ಪುತ್ತೇನೆ. ಆದರೆ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗಿಂತ ಮಿಗಿಲಾದ ದ್ರವವಿಲ್ಲವೆಂದು ಶಾಲೆಯಲ್ಲೇ ಕಲಿಸಿದ್ದಾರೆ. ಅದಕ್ಕೆ ನಿನ್ನ ಉತ್ತರವೇನು, ಪುಟ್ಟಿ?

ಶಿವಮೊಗ್ಗ ದೊಡ್ಡಪ್ಪ:
ಅಲ್ಲದೆ ನಮ್ಮೂರಿನದು ತುಂಗೆಯ ನೀರು. ಗಂಗಾ ಸ್ನಾನ, ತುಂಗಾ ಪಾನ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಾನು:
ಚಿಕ್ಕಪ್ಪ, ನೀವು ಹೇಳಿದ್ದು ಸರಿ. ಕೂಲೆಂಟಿನ ಮುಖ್ಯ ದ್ರವ ಎಥಿಲೀನ್ ಗ್ಲೈಕಾಲ್. ಶಾಖ ಹೊರುವುದರಲ್ಲಿ ಬರಿಯ ಗ್ಲೈಕಾಲ್ ನೀರಿಗೆ ಸಾಟಿಯಲ್ಲ. ಆದ್ದರಿಂದಲೇ ಅದನ್ನು ನೀರು ಬೆರೆಸದೆ ತುಂಬುವುದಿಲ್ಲ. ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸುತ್ತಾರೆ. ಆ ಮಿಶ್ರಣ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ ಎಂಬುದು ನಮಗೆ ಬೇಕಿಲ್ಲದ ಗುಣವೆಂದೇ ಇಟ್ಟುಕೊಳ್ಳೋಣ. ಆದರೆ ಅದು ಕುದಿಯುವ ಬಿಂದುವನ್ನು ಏಳೆಂಟು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಘಾಟಿಯಲ್ಲಿ ನಮಗೆ ಬೇಕಾದದ್ದು ಅದೇ. ಅದಕ್ಕಿಂತ ದೊಡ್ಡ ಲಾಭವೆಂದರೆ ಅದರಲ್ಲಿ ಬೆರೆತಿರುವ ತುಕ್ಕುನಿರೋಧಕಗಳು. ಐದು ವರ್ಷವಾದ ಕೂಲೆಂಟಿನಲ್ಲಿ ಗ್ಲೈಕಾಲ್ ಹಾಗೆಯೇ ಉಳಿದಿರಬಹುದು, ಆದರೆ ನಿರೋಧಕಗಳು ಸವೆದುಹೋಗಿರುತ್ತವೆ. ನಾವು ಕೂಲೆಂಟ್ ಬದಲಾಯಿಸುವುದು ಮುಖ್ಯವಾಗಿ ಈ ಕಾರಣಕ್ಕೆ.

ದೊಡ್ಡಪ್ಪ, ತುಂಗೆಯ ನೀರು ಕುಡಿಯಲು ಸಿಹಿಯೇ. ಆದರೂ ನಲ್ಲಿಯಲ್ಲಿ ಬರುವ ನೀರಿನಲ್ಲಿ ಲವಣಗಳೂ ಕ್ಲೋರಿನ್ ಅಂಶವೂ ಇರುತ್ತವೆ. ಇನ್ನು ಚಿಕ್ಕಪ್ಪನ ಮನೆಯ ಕೊಳವೆಬಾವಿಯ ನೀರಾದರೆ ಗೀಸರ್‌ನ ಕಾಯಿಲ್ ಮೇಲೆ ಸುಣ್ಣ ಕಟ್ಟುವಂತೆ ಎಂಜಿನ್ನಿನ ಒಳಗೋಡೆಯ ಮೇಲೂ ಕಟ್ಟುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್‌ನ ಕ್ಯಾನಿನಲ್ಲಿ ಸಿಗುತ್ತದೆ. ಬೆರೆಸಲು ಅದನ್ನೇ ಬಳಸಿ. ವಿನೆಗರ್ ಬೇಡವೇ ಬೇಡ, ಏಕೆಂದರೆ ಒಳಗೆ ಉಳಿದ ಆಮ್ಲ ಅಲ್ಯೂಮಿನಿಯಂ ಅನ್ನು ತಿನ್ನುವುದರ ಜೊತೆಗೆ ಹೊಸ ಕೂಲೆಂಟಿನ ನಿರೋಧಕವನ್ನೂ ಕೆಡಿಸುತ್ತದೆ.

ಮೈಸೂರು ಅತ್ತೆ:
ಅಣ್ಣ, ಚರಂಡಿಗೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲವಲ್ಲ. ನಿಮ್ಮ ಬೀದಿಯಲ್ಲಿ ನಾಯಿಗಳಿವೆ, ಮನೆಯಲ್ಲಿ ಬೆಕ್ಕಿದೆ, ಮೊಮ್ಮಗು ಅಂಗಳದಲ್ಲೇ ಅಂಬೆಗಾಲಿಡುತ್ತಿದೆ. ಅದು ವಿಷವಲ್ಲವೇ?

ನಾನು:
ಅತ್ತೆ ಕೇಳಿದ್ದೇ ಇಂದಿನ ಅತ್ಯಂತ ಮುಖ್ಯವಾದ ಪ್ರಶ್ನೆ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕುತ್ತವೆ. ಹೊಟ್ಟೆಗೆ ಹೋದದ್ದು ಯಕೃತ್ತಿನಲ್ಲಿ ಆಕ್ಸಾಲಿಕ್ ಆಮ್ಲದವರೆಗೆ ಮಾರ್ಪಟ್ಟು, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತದೆ. ಬೆಕ್ಕಿಗೆ ಕೆಲವೇ ಚಮಚ ಸಾಕು. ಮಗು ಒಂದು ಗುಟುಕು ಕುಡಿದರೂ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ಅಗಲವಾದ ಟಬ್ಬಿನಲ್ಲಿ ಹಿಡಿದು, ಅಂದೇ ಬಿರಡೆಯಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು ಬೀಗದೊಳಗೆ ಇಡಿ. ಹಳೆಯ ಎಂಜಿನ್ ಆಯಿಲ್‌ನೊಂದಿಗೆ ಬೆರೆಸದೆ, ತ್ಯಾಜ್ಯವನ್ನು ಬೇರೆಯಾಗಿಯೇ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಚೆಲ್ಲಿದ ಜಾಗಕ್ಕೆ ಮರಳು ಹಾಕಿ ಗುಡಿಸಿದ ಮೇಲೆಯೇ ಮಗುವನ್ನು ಹೊರಗೆ ಬಿಡಿ.

ಬೆಂಗಳೂರು ಭಾವ:
ನೋಡಿ, ಇಷ್ಟೆಲ್ಲ ಅಪಾಯಗಳನ್ನು ನೀನೇ ಹೇಳುತ್ತಿರುವಾಗ ಮನೆಯಲ್ಲೇ ಮಾಡಿ ಎನ್ನುವುದು ಹೇಗೆ ಸರಿ?

ನಾನು:
ಭಾವ, ಅಪಾಯ ಗೊತ್ತಿದ್ದವರು ಮಾಡಬಹುದು ಎಂಬುದಷ್ಟೇ ನನ್ನ ವಾದ. ಹೊರಗೆ ಕೊಟ್ಟರೂ ಲೆಕ್ಕ ಯಾರಾದರೂ ಇಡಲೇಬೇಕು. ಎರಡು ವರ್ಷದ ಹಿಂದೆ ನನ್ನ ಕಾರನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ತೊಳೆದು ತುಂಬಿದರು, ಗಾಳಿ ತೆಗೆಯಲಿಲ್ಲ. ಮರುದಿನ ಡ್ಯಾಶ್‌ಬೋರ್ಡಿನ ಹಿಂದೆ ಕೊಡದಿಂದ ನೀರು ಬಗ್ಗಿಸಿದಂತೆ ಗುಳುಗುಳು ಶಬ್ದ ಬರುತ್ತಿತ್ತು, ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬೀಸುತ್ತಿತ್ತು, ಮುಳ್ಳು ಮಾತ್ರ ಮೇಲೇರುತ್ತಿತ್ತು. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಬಿಡಿಸಿದ ಮೇಲೆ ಎಲ್ಲವೂ ಸರಿಹೋಯಿತು. ಆದರೆ ಮುಳ್ಳು ಏರಿದ್ದಕ್ಕೆ ಮೊದಲು ಕಾರಣ ಹುಡುಕಬೇಕೆಂಬ ನಿಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ದೊಡ್ಡಪ್ಪ, ಫ್ಯಾನ್ ತಿರುಗುತ್ತಿದೆಯೇ, ರೇಡಿಯೇಟರ್‌ನ ಮುಖಕ್ಕೆ ಕೆಸರು, ಹುಳು ಅಂಟಿದೆಯೇ, ಮುಚ್ಚಳದ ವಾಷರ್ ಹೇಗಿದೆ ಎಂಬುದನ್ನು ದಯವಿಟ್ಟು ಮೊದಲು ನೋಡಿ. ಫ್ಯಾನ್ ಕೀಲಿ ತೆಗೆದ ಮೇಲೂ ತಾನಾಗಿ ತಿರುಗಬಹುದು, ಬೆರಳು ಹತ್ತಿರ ಒಯ್ಯಬೇಡಿ.

ಇನ್ನೊಂದು ಲೆಕ್ಕವಿದೆ, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕೆಳಗಿನ ತಿರುಪು ಬಿಚ್ಚಿದರೆ ರೇಡಿಯೇಟರ್‌ನಲ್ಲಿ ಇದ್ದದ್ದು ಮಾತ್ರ ಇಳಿಯುತ್ತದೆ; ಎಂಜಿನ್ನಿನ ಹೊಟ್ಟೆಯಲ್ಲಿಯೂ ಹೀಟರ್‌ನಲ್ಲಿಯೂ ಇರುವುದು ಅಲ್ಲೇ ಉಳಿಯುತ್ತದೆ. ಒಟ್ಟು 5 ಲೀಟರ್ ಹಿಡಿಯುವ ಕಾರಿನಿಂದ 3 ಲೀಟರ್ ಇಳಿಯಿತು ಎನ್ನೋಣ. ನೀರು ತುಂಬಿ, ಓಡಿಸಿ, ಆರಿದ ಮೇಲೆ ಇಳಿಸಿ, ಹೀಗೆ ಮೂರು ನಾಲ್ಕು ಸಲ ತೊಳೆದಾಗ ಒಳಗೆ ಉಳಿಯುವ 2 ಲೀಟರ್ ಹೆಚ್ಚುಕಡಿಮೆ ಬರಿಯ ನೀರು. ಅದರ ಮೇಲೆ ಅಂಗಡಿಯ ಅರ್ಧಕ್ಕರ್ಧ ಬೆರೆಸಿದ ಸಿದ್ಧ ಕೂಲೆಂಟನ್ನು 3 ಲೀಟರ್ ಹೊಯ್ದರೆ, ಒಟ್ಟು ಐದರಲ್ಲಿ ಗ್ಲೈಕಾಲ್ ಒಂದೂವರೆ ಲೀಟರ್, ಅಂದರೆ ಶೇ 30 ಮಾತ್ರ. ಆದ್ದರಿಂದ ನೀರು ಬೆರೆಸದ ಕೂಲೆಂಟನ್ನೇ ಕೊಂಡು, ಮೊದಲು ಎರಡೂವರೆ ಲೀಟರ್ ಅದನ್ನು ಹೊಯ್ದು, ಉಳಿದ ಅರ್ಧ ಲೀಟರ್‌ನಷ್ಟು ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಕೊನೆಯ ಸಲ ತೊಳೆಯುವಾಗಲೂ ಡಿಸ್ಟಿಲ್ಡ್ ವಾಟರನ್ನೇ ಬಳಸಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ಅರ್ಥವಿಲ್ಲ. ಕಾರಿನ ಕೈಪಿಡಿಯಲ್ಲಿ ಯಾವ ಬಗೆ ಎಂದಿದೆಯೋ ಅದನ್ನೇ ತನ್ನಿ.

ಭಾನುವಾರ

ಶಿವಮೊಗ್ಗ ದೊಡ್ಡಪ್ಪ:
ಬೆಳಿಗ್ಗೆ ಆರು ಗಂಟೆಗೆ ಆರಂಭಿಸಿದೆ. ಅಳತೆಯ ಜಗ್ಗಿನಲ್ಲಿ ಹಿಡಿದಾಗ 2 ಲೀಟರ್ 800 ಮಿಲಿ ಇಳಿಯಿತು. ಬಣ್ಣ ಹಳೆಯ ಚಹಾದಂತಿತ್ತು. ನಾಲ್ಕನೆಯ ಸಲ ತೊಳೆದಾಗ ನೀರು ತಿಳಿಯಾಯಿತು. ಕೈಪಿಡಿಯಲ್ಲಿ ಒಟ್ಟು 4.6 ಲೀಟರ್ ಎಂದಿರುವುದರಿಂದ ಕೂಲೆಂಟ್ 2.3 ಲೀಟರ್ ಹೊಯ್ದು ಉಳಿದದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿದ್ದೇನೆ. ಈಗ ಗಾಳಿ ತೆಗೆಯುವುದು ಹೇಗೆ?

ನಾನು:
ನಿಮ್ಮ ಲೆಕ್ಕ ಸರಿಯಾಗಿದೆ, ದೊಡ್ಡಪ್ಪ. ಕೈಪಿಡಿಯಲ್ಲಿ ಗಾಳಿ ತೆಗೆಯುವ ತಿರುಪಿನ ಉಲ್ಲೇಖವಿದ್ದರೆ ಅದರಂತೆಯೇ ಮಾಡಿ. ಇಲ್ಲದಿದ್ದರೆ ತಣ್ಣಗಿರುವ ಎಂಜಿನ್ನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಖ ದೂರವಿಟ್ಟುಕೊಂಡು ಕಾಯಿರಿ. ಬಿಸಿಯೇರಿದಾಗ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟವಾದ ಥರ್ಮೋಸ್ಟಾಟ್ ಸುಮಾರು 85 ಡಿಗ್ರಿಗೆ ತೆರೆದಾಗ ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ, ಬಾಯಿಯ ಬಳಿಯ ಮಟ್ಟ ಕೆಳಗಿಳಿಯುತ್ತದೆ. ಆಗ ಮೆಲ್ಲನೆ ತುಂಬುತ್ತ ಹೋಗಿ. ಗುಳ್ಳೆ ನಿಂತು, ಹೀಟರ್‌ನಿಂದ ಬಿಸಿಗಾಳಿ ಬಂದ ಮೇಲೆ ಮುಚ್ಚಿ. ನಾಳೆ ತಣ್ಣಗಿರುವಾಗ ಮಟ್ಟವನ್ನು ಮತ್ತೊಮ್ಮೆ ನೋಡಬೇಕು.

ಶಿವಮೊಗ್ಗ ದೊಡ್ಡಪ್ಪ:
ಬಿಸಿಗಾಳಿ ಬಂತು. ಮುಚ್ಚುವಾಗ ಗಮನಿಸಿದೆ, ಮುಚ್ಚಳದೊಳಗಿನ ರಬ್ಬರ್ ವಾಷರ್ ಉಗುರು ಇಳಿಯುವಷ್ಟು ಸೀಳಿದೆ. ಅಳಿಯಂದಿರು ಹೇಳಿದ ಕಾರಣ ಇದೇ ಇರಬಹುದೇ?

ಬೆಂಗಳೂರು ಭಾವ:
ಬಹುಶಃ ಇದೇ, ಮಾವ. ಒತ್ತಡ ನಿಲ್ಲದಿದ್ದರೆ ದ್ರವ ಬೇಗ ಕುದಿದು ಆವಿಯಾಗಿ ಹೋಗುತ್ತದೆ. ಘಾಟಿಯಲ್ಲಿ ಮುಳ್ಳು ಏರಿದ್ದಕ್ಕೆ ಅಷ್ಟೇ ಸಾಕು.

ಹಾಸನ ಚಿಕ್ಕಪ್ಪ:
ನನ್ನ ಗಾಡಿಗೂ ಒಂದು ಮುಚ್ಚಳ ತರಿಸಿಬಿಡುತ್ತೇನೆ. ಯಾವುದಾದರೂ ಆಗುತ್ತದೆಯೇ?

ನಾನು:
ಆಗುವುದಿಲ್ಲ, ಚಿಕ್ಕಪ್ಪ. ಹಳೆಯ ಮುಚ್ಚಳದ ಮೇಲೆ ಅದು ಎಷ್ಟು ಬಾರ್ ಒತ್ತಡ ಹಿಡಿದಿಡುತ್ತದೆ ಎಂದು ಹೇಳುವ, 0.9 ಅಥವಾ 1.1 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಅದೇ ಸಂಖ್ಯೆಯದನ್ನು ತನ್ನಿ. ದೊಡ್ಡಪ್ಪ, ಹೊಸ ಮುಚ್ಚಳ ಬರುವವರೆಗೆ ಘಾಟಿಯ ಕಡೆ ಹೋಗಬೇಡಿ.