ಪದಚರ್ಚೆ: ಶ್ವಾಸಕೋಶದ ‘ಕಂಪ್ಲಯನ್ಸ್’ಗೆ ಏನೆನ್ನೋಣ?

ಪ್ರಶ್ನೆ:
ವೆಂಟಿಲೇಟರ್ ಕೈಪಿಡಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಓದುವವರು ಐಸಿಯು ನರ್ಸ್‌ಗಳು. ‘ಲಂಗ್ ಕಂಪ್ಲಯನ್ಸ್’ (ಒತ್ತಡಕ್ಕೆ ಶ್ವಾಸಕೋಶ ಎಷ್ಟು ಹಿಗ್ಗುತ್ತದೆ ಎಂಬ ಅಳತೆ) ಅನ್ನು ಕರಡಿನಲ್ಲಿ ‘ಶ್ವಾಸಕೋಶದ ವಿಧೇಯತೆ’ ಎಂದು ಬರೆದಿದ್ದಾರೆ. ತೆಗೆಯಲೇಬೇಕು. ‘ನಮ್ಯತೆ’ ಆದೀತೇ?

ಉತ್ತರ:
ನಮ್ಯತೆ ಬೇಡ. ಸಂಸ್ಕೃತದ ‘ನಮ್’ ಎಂದರೆ ಬಾಗುವುದು, ನಮಸ್ಕಾರವೂ ಅಲ್ಲಿಂದಲೇ ಬಂದದ್ದು. ಬಾಗು, ಶರಣಾಗು ಎಂಬ ಎರಡೂ ಅರ್ಥ ನಮ್ಮ ‘ಮಣಿ’ಗೇ ಇರುವಾಗ ಸಾಲವೇಕೆ? ತಿಳಿ–ತಿಳಿವು, ಅಳಿ–ಅಳಿವು ಇದ್ದಂತೆ ‘ಮಣಿವು’ ಎನ್ನಿ. ಕಾನೂನು, ಯಂತ್ರ, ಶ್ವಾಸಕೋಶ ಎಲ್ಲಕ್ಕೂ ಸಲ್ಲುತ್ತದೆ. ಇಂಗ್ಲಿಷ್ ಪದವೂ ‘ಪ್ಲಯಂಟ್’ನ (ಸುಲಭವಾಗಿ ಬಾಗುವ) ಬಳಗದ್ದೇ.

ಉತ್ತರ:
ಅಲ್ಲ. ‘ಪ್ಲಯಂಟ್’ನ ಮೂಲ ಲ್ಯಾಟಿನ್ನಿನ ‘ಪ್ಲಿಕಾರೆ’, ಮಡಿಸು. ‘ಕಂಪ್ಲೈ’ ಬಂದದ್ದು ‘ಕಾಂಪ್ಲೇರೆ’ಯಿಂದ, ಪೂರ್ತಿ ತುಂಬು. ಬೇರೆ ಬೇರೆ ಬೇರುಗಳು.

ಶ್ವಾಸಕೋಶ ಬಾಗುವುದೂ ಇಲ್ಲ, ಮಣಿಯುವುದೂ ಇಲ್ಲ, ಹಿಗ್ಗುತ್ತದೆ. ಒತ್ತಡ 1 ಸೆಂ.ಮೀ. ನೀರಿನಷ್ಟು ಏರಿದರೆ ಎಷ್ಟು ಮಿ.ಲೀ. ಗಾಳಿ ಹೆಚ್ಚಾಗಿ ಹಿಡಿಯಿತು ಎಂಬುದೇ ಇಲ್ಲಿನ ಲೆಕ್ಕ. ಉಸಿರಿಗೆ 500 ಮಿ.ಲೀ. ಕೊಟ್ಟಾಗ ಪ್ಲಾಟೋ ಒತ್ತಡ (ಗಾಳಿ ತುಂಬಿ ಹರಿವು ನಿಂತಾಗಿನದು) 25, ಪೀಪ್ (ಉಸಿರು ಬಿಟ್ಟ ಮೇಲೂ ಉಳಿಯುವ ಒತ್ತಡ) 5 ಇದ್ದರೆ ವ್ಯತ್ಯಾಸ 20. 500 ಭಾಗಿಸು 20, ಅಂದರೆ 25 ಮಿ.ಲೀ. ಪ್ಲಾಟೋ ಬದಲು ಪೀಕ್ ಒತ್ತಡ (ಗಾಳಿ ಹರಿಯುವಾಗಿನ ಗರಿಷ್ಠ) ಹಾಕಿದರೆ ಕೊಳವೆಯ, ಶ್ವಾಸನಾಳದ ತಡೆಯೂ ಸೇರಿಕೊಂಡು ಉತ್ತರ ಕಡಿಮೆ ಬರುತ್ತದೆ. ಇದನ್ನು ಕೈಪಿಡಿಯಲ್ಲಿ ಬರೆಯದೆ ಬಿಡಬೇಡಿ.

‘ಸ್ಥಿತಿಸ್ಥಾಪಕತೆ’ ಎಂದಂತೂ ಹಾಕಲೇಬೇಡಿ. ಅದು ಹಿಗ್ಗಿದ್ದು ಮರಳಿ ಕುಗ್ಗುವ ಗುಣ. ಎಂಫಿಸೀಮಾದಲ್ಲಿ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ರೋಗ) ಅದು ಇಳಿಯುತ್ತದೆ, ಕಂಪ್ಲಯನ್ಸ್ ಏರುತ್ತದೆ. ಫೈಬ್ರೋಸಿಸ್‌ನಲ್ಲಿ (ಶ್ವಾಸಕೋಶ ನಾರುಗಟ್ಟಿ ಬಿಗಿಯಾಗುವ ರೋಗ) ಕಂಪ್ಲಯನ್ಸ್ ಇಳಿಯುತ್ತದೆ. ಪದ ತಪ್ಪಿದರೆ ಅರ್ಥ ತಲೆಕೆಳಗು.

ಉತ್ತರ:
ಹಾಗಾದರೆ ‘ಹಿಗ್ಗುಶಕ್ತಿ’.

ಉತ್ತರ:
ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ಬೇಡ.

ಉತ್ತರ:
‘ಹಿಗ್ಗುವ ಶಕ್ತಿ’ ಎಂದರೆ ಗಮಕಸಮಾಸ (ಮೊದಲ ಪದ ‘ಹಿಗ್ಗುವ’ದಂಥ ಕೃದಂತ), ಅಲ್ಲಿ ಆ ದೋಷವಿಲ್ಲ. ಆದರೂ ‘ಶಕ್ತಿ’ ಎಂದೊಡನೆ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಎಂಫಿಸೀಮಾ ರೋಗಿಗೆ ಹೆಚ್ಚಿರುವುದೇ ತೊಂದರೆ. ‘ಹಿಗ್ಗುವ ಗುಣ’ ಎನ್ನಿ. ಕೈಪಿಡಿಯ ಕಾನೂನು ಭಾಗದಲ್ಲಿ ಇದೇ ಇಂಗ್ಲಿಷ್ ಪದಕ್ಕೆ ‘ನಿಯಮಪಾಲನೆ’, ಅಲ್ಲಿ ಹಿಗ್ಗುವುದಕ್ಕೆ ಏನೂ ಇಲ್ಲ.

ಉತ್ತರ:
ಒಂದು ಪದಕ್ಕೆ ಎರಡು ಪದ, ಅದರಲ್ಲೂ ‘ಗುಣ’, ‘ನಿಯಮ’, ‘ಪಾಲನೆ’ ಎಲ್ಲ ಸಂಸ್ಕೃತ! ಕನ್ನಡದ ಬೇರಿನಿಂದ ಪದ ಕಟ್ಟದಿದ್ದರೆ ಈ ಪದಪಟ್ಟಿಗಳೆಲ್ಲ ಯಾಕೆ?

ಉತ್ತರ:
‘ಗುಣ’ ಅಡುಗೆಮನೆಯಲ್ಲೂ ಆಡುವ ಮಾತು, ‘ಮಣಿವು’ ಯಾರೂ ಆಡುವುದಿಲ್ಲ. ಯಂತ್ರದ ಪರದೆಯ ಮೇಲೆ ಕಾಣುವುದು ಇಂಗ್ಲಿಷ್ ಪದವೇ. ಆದ್ದರಿಂದ ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ‘ಹಿಗ್ಗುವ ಗುಣ (ಕಂಪ್ಲಯನ್ಸ್)’ ಎಂದು ಕೊಡಿ, ಕೋಷ್ಟಕದಲ್ಲಿ ‘ಕಂಪ್ಲಯನ್ಸ್’ ಒಂದೇ ಸಾಕು. ರಾತ್ರಿ ಪಾಳಿಯ ನರ್ಸ್ ಪರದೆಯನ್ನೂ ಪುಟವನ್ನೂ ತಾಳೆ ನೋಡಬೇಕಲ್ಲ.