ಫಿಯೋರ್ಡ್ ಕುದುರೆಯ ಜೀನು ಮುಂದಕ್ಕೆ ಜಾರುತ್ತದೆ, ಟ್ರೇಲರ್‌ನಲ್ಲಿ ಮೈಯೆಲ್ಲ ಬೆವರು: ದೋಷ ಎಲ್ಲಿದೆ?

ಪ್ರಶ್ನೆ: ಹೊಸ ಸವಾರ

ಮಾನ್ಯರೇ,

ಒಂಬತ್ತು ವರ್ಷದ ಒಂದು ಫಿಯೋರ್ಡ್ ಹೆಣ್ಣು ಕುದುರೆ ಎಂಟು ತಿಂಗಳಿಂದ ನನ್ನ ಬಳಿ ಇದೆ. ಎತ್ತರ 143 ಸೆಂಟಿಮೀಟರ್. ಬಣ್ಣ ಈ ತಳಿಯಲ್ಲಿ ಹೆಚ್ಚಿನವಕ್ಕೆ ಇರುವ ಬ್ರೂನ್‌ಬ್ಲಾಕ್, ಅಂದರೆ ತಿಳಿಗಂದು. ಸ್ವಭಾವ ಬಹಳ ಸಾಧು. ಇದಕ್ಕೆ ಮೊದಲು ಉದ್ದ ಕಾಲಿನ, ತೆಳು ಮೈಯ ಕುದುರೆಗಳನ್ನಷ್ಟೇ ನೋಡಿಕೊಂಡಿದ್ದ ನನಗೆ ಎರಡು ತೊಂದರೆಗಳು ಒಟ್ಟಿಗೆ ಎದುರಾಗಿವೆ.

ಮೊದಲನೆಯದು ಜೀನಿನದು. ಏರಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, ಜೀನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿದು ಭುಜದ ಮೇಲೆ ಕೂರುತ್ತದೆ. ಹೊಟ್ಟೆಪಟ್ಟಿಯನ್ನು ಎರಡು ಬಾರಿ ಬದಲಿಸಿದೆ, ಇನ್ನೂ ಎರಡು ತೂತು ಬಿಗಿದೆ, ಕೆಳಗೆ ದಪ್ಪನೆಯ ಪ್ಯಾಡ್ ಹಾಕಿದೆ. ಪ್ಯಾಡ್ ಹಾಕಿದ ಮೇಲೆ ಜೀನು ಪಕ್ಕಕ್ಕೂ ಉರುಳಲು ಶುರುವಾಯಿತು.

ಎರಡನೆಯದು ಪ್ರಯಾಣದ್ದು. ನಲವತ್ತು ನಿಮಿಷದ ದಾರಿಗೇ ಕುದುರೆ ನೀರಿನಲ್ಲಿ ಅದ್ದಿ ತೆಗೆದಂತೆ ಬೆವತು ಇಳಿಯುತ್ತದೆ, ತಿರುವುಗಳಲ್ಲಿ ಕಾಲು ಬಡಿಯುವ ಸದ್ದು ಕಾರಿನೊಳಗೆ ಕೇಳಿಸುತ್ತದೆ, ಹಿಂದಿನ ಎರಡು ಸಲ ರ‍್ಯಾಂಪ್ ಹತ್ತಲು ಒಪ್ಪಲೇ ಇಲ್ಲ. ಚಳಿಯಾಗಬಾರದೆಂದು ಕಂಬಳಿ ಹೊದಿಸಿ, ಕಿಟಕಿ ಮುಚ್ಚಿಯೇ ಕರೆದೊಯ್ಯುತ್ತೇನೆ.

ಒಣಹುಲ್ಲು ಯಾವಾಗಲೂ ಮುಂದೆ ಇರುತ್ತದೆ; ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಕಿಲೋ ಓಟ್ಸ್ ಕೊಡುತ್ತೇನೆ; ವಾರಕ್ಕೆ ಮೂರು ದಿನ ಸವಾರಿ. ಕೊಂಡಾಗಿನ ಕಾಗದದಲ್ಲಿ ತೂಕ 430 ಕಿಲೋ ಎಂದಿತ್ತು. ಬಾಲದ ಕೆಳಗೆ ಹಾಯಿಸುವ ಪಟ್ಟಿ, ಅಂದರೆ ಕ್ರಪ್ಪರ್, ಹಾಕಿದರೆ ಜೀನು ನಿಲ್ಲುವುದೇ? ಯಾವ ಬಗೆಯ ಟ್ರೇಲರ್ ಈ ತಳಿಗೆ ಒಗ್ಗುತ್ತದೆ?

ಉತ್ತರ: ಹಳೆಯ ಲಗಾಮು

ಕ್ರಪ್ಪರ್ ಕೊಳ್ಳುವ ಮುನ್ನ ಬಟ್ಟೆ ಹೊಲಿಯುವವರ ಟೇಪು ಹಿಡಿದು ಕುದುರೆಯ ಬಳಿ ಹೋಗಿ ಎಂದು ವಿನಂತಿ. ಎದೆಯ ಸುತ್ತಳತೆಯನ್ನು ಮುಂಗಾಲುಗಳ ಹಿಂದೆ, ಹೆಗಲಿನ ಉಬ್ಬಿನ ಹಿಂಬದಿಯಿಂದ ಸುತ್ತಿ ತೆಗೆಯಿರಿ; ಉದ್ದವನ್ನು ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ತೆಗೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಸರಿಸುಮಾರು ತೂಕ ಕಿಲೋದಲ್ಲಿ ಸಿಗುತ್ತದೆ. ಪಕ್ಕೆಲುಬುಗಳ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿ, ಎಲುಬು ಕೈಗೆ ಹತ್ತುತ್ತದೆಯೇ ತಿಳಿಸಿ. ಕೊನೆಯದಾಗಿ ನಾಲ್ಕೂ ಗೊರಸುಗಳ ಗೋಡೆಯನ್ನು ಹಗಲು ಬೆಳಕಿನಲ್ಲಿ ನೋಡಿ, ಅಡ್ಡಗೆರೆಗಳಿದ್ದರೆ ಅವು ಮುಂದೆ ಮತ್ತು ಹಿಮ್ಮಡಿಯ ಕಡೆ ಒಂದೇ ಅಂತರದಲ್ಲಿವೆಯೇ ಎಂದೂ ಹೇಳಿ.

ಇಷ್ಟೆಲ್ಲ ಕೇಳುವುದಕ್ಕೆ ಕಾರಣವಿದೆ. ನಾರ್ವೆಯ ಪಶ್ಚಿಮ ಕರಾವಳಿಯ ಕಡಿದಾದ ಇಳಿಜಾರುಗಳಲ್ಲಿ, ಅಲ್ಪಸ್ವಲ್ಪ ಹುಲ್ಲಿನ ಮೇಲೆ ಬದುಕಿ ಹೊಲಕ್ಕೂ ಗಾಡಿಗೂ ದುಡಿದ ತಳಿ ಇದು. ತಿಂದದ್ದರಲ್ಲಿ ಒಂದು ಹಿಡಿಯನ್ನೂ ಪೋಲು ಮಾಡದ ಆ ದೇಹಕ್ಕೆ ದಿನವಿಡೀ ಹುಲ್ಲು ಮತ್ತು ಎರಡು ಕಿಲೋ ಓಟ್ಸ್ ಸಿಕ್ಕರೆ ಏನಾಗಬಹುದೋ ಅದೇ ಆಗಿರಬಹುದು ಎಂಬುದು ನನ್ನ ಅನುಮಾನ.

ಮರುಪ್ರಶ್ನೆ: ಹೊಸ ಸವಾರ

ಅಳೆದೆ. ಸುತ್ತಳತೆ 200, ಉದ್ದ 156; ಲೆಕ್ಕ ಹಾಕಿದರೆ 525 ಕಿಲೋ ಬರುತ್ತದೆ. ತಪ್ಪಿರಬೇಕೆಂದು ಮೂರು ಸಲ ಅಳೆದರೂ ಅಷ್ಟೇ ಬಂತು. ಪಕ್ಕೆಲುಬು ಸಿಗಬೇಕಾದರೆ ಬೆರಳನ್ನು ಒತ್ತಿ ಹುಡುಕಬೇಕು. ಮುಂಗಾಲಿನ ಗೊರಸುಗಳಲ್ಲಿ ಗೆರೆಗಳಿವೆ. ಅವು ಮುಂಭಾಗದಲ್ಲಿ ಒತ್ತೊತ್ತಾಗಿಯೂ ಹಿಮ್ಮಡಿಯ ಕಡೆ ಅಗಲವಾಗಿಯೂ ಕಾಣುತ್ತವೆ. ಇದುವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ದಪ್ಪ ಕುತ್ತಿಗೆಯನ್ನಂತೂ ತಳಿಯ ಲಕ್ಷಣವೆಂದೇ ಹೆಮ್ಮೆಪಡುತ್ತಿದ್ದೆ.

ಉತ್ತರ: ಹಳೆಯ ಲಗಾಮು

ಕುತ್ತಿಗೆಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಫಿಯೋರ್ಡ್ ಕುದುರೆಯ ಕುತ್ತಿಗೆಯ ಕೂದಲನ್ನು ಚಂದ್ರಾಕಾರವಾಗಿ ಕತ್ತರಿಸಿ, ಹೊರಗಿನ ಬಿಳಿಕೂದಲನ್ನು ನಡುವಿನ ಕಪ್ಪು ಸಾಲಿಗಿಂತ ತುಸು ಗಿಡ್ಡ ಮಾಡಿ ನಿಲ್ಲಿಸುವುದು ವಾಡಿಕೆ. ನೋಡಲು ಅದು ಎಷ್ಟು ಚೆನ್ನವೋ, ಕೆಳಗಿನ ಕೊಬ್ಬನ್ನು ಮುಚ್ಚುವುದರಲ್ಲಿಯೂ ಅಷ್ಟೇ ಜಾಣತನ ತೋರುತ್ತದೆ. ಕೂದಲಿನ ಬುಡದಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಅತ್ತಿತ್ತ ಸುಲಭವಾಗಿ ಬಾಗಿದರೆ ಚಿಂತೆ ಕಡಿಮೆ. ಗಟ್ಟಿಯಾದ ದಿಂಬಿನಂತೆ ನಿಂತರೆ ಅದು ಕೊಬ್ಬು.

ಗೊರಸಿನ ಗೆರೆಗಳು ಹೇಳುತ್ತಿರುವುದು ಇದಕ್ಕಿಂತ ಗಂಭೀರವಾದುದು. ಹಿಮ್ಮಡಿಯ ಕಡೆ ಅಗಲವಾಗುವ ಗೆರೆಗಳು ಹಿಂದೊಮ್ಮೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಡುವ ಪದರದ ರೋಗ, ಸದ್ದಿಲ್ಲದೆ ಬಂದುಹೋಗಿರಬಹುದೆಂಬುದರ ಗುರುತು. ಪಶುವೈದ್ಯರನ್ನು ಕರೆಸಿ ರಕ್ತದಲ್ಲಿ ಇನ್ಸುಲಿನ್ ಪರೀಕ್ಷೆಯನ್ನೂ ಮುಂಗಾಲಿನ ಗೊರಸುಗಳ ಎಕ್ಸ್‌ರೇಯನ್ನೂ ಮಾಡಿಸಿ. ಅವರು ನೋಡುವವರೆಗೆ ಸವಾರಿ ನಿಲ್ಲಿಸಿ. ಗೊರಸು ಬಿಸಿಯಾಗಿದ್ದರೆ, ಕಾಲಿನ ಕೆಳಗಂಟಿನ ಹಿಂಬದಿಯ ನಾಡಿ ಬೆರಳಿಗೆ ಬಲವಾಗಿ ಬಡಿಯುತ್ತಿದ್ದರೆ, ಗಟ್ಟಿ ನೆಲದಲ್ಲಿ ಹೆಜ್ಜೆ ಚಿಕ್ಕದಾದರೆ ಅದೇ ದಿನ ಕರೆಸಬೇಕು.

ಆಹಾರದ ಮಾತಿಗೆ ಬಂದರೆ, ಓಟ್ಸ್ ಇಂದೇ ನಿಲ್ಲಲಿ. ಒಣಹುಲ್ಲನ್ನು ಮಾತ್ರ ಹಠಾತ್ತನೆ ಕಡಿತಗೊಳಿಸಿ ಉಪವಾಸ ಕೆಡವಬೇಡಿ. ಕೊಬ್ಬಿದ ಪೋನಿ ಜಾತಿಯ ಕುದುರೆಗಳನ್ನು ಹಸಿವಿಗೆ ತಳ್ಳಿದರೆ ದೇಹದ ಕೊಬ್ಬು ಒಮ್ಮೆಲೇ ರಕ್ತಕ್ಕೆ ಸುರಿದು ಪ್ರಾಣಕ್ಕೇ ಬರಬಹುದು. ದೇಹತೂಕದ ಶೇ. 1.5ರಷ್ಟು ಒಣಪದಾರ್ಥ ಎಂಬ ಲೆಕ್ಕದಲ್ಲಿ ನಿಮ್ಮ ಕುದುರೆಗೆ ದಿನಕ್ಕೆ ಸುಮಾರು 7.9 ಕಿಲೋ ಬೇಕು. ಒಣಹುಲ್ಲಿನಲ್ಲಿಯೂ ಒಂದಷ್ಟು ತೇವ ಇರುವುದರಿಂದ ತಕ್ಕಡಿಯಲ್ಲಿ ಅದು 9 ಕಿಲೋಗೆ ತುಸು ಹೆಚ್ಚಾಗುತ್ತದೆ. ಕಣ್ಣಳತೆ ಬೇಡ, ತಕ್ಕಡಿಯೇ ಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ಹಾಕಿ, ಮೂರು ನಾಲ್ಕು ಹೊತ್ತಿಗೆ ಹಂಚಿ ಕೊಟ್ಟರೆ ಹೊಟ್ಟೆ ಬಹಳ ಹೊತ್ತು ಬರಿದಾಗಿ ಉಳಿಯುವುದಿಲ್ಲ. ಹುಲ್ಲನ್ನು ತೂಗಿದ ನಂತರ ಒಂದು ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದು ಪಾಲು ಹೊರಟುಹೋಗುತ್ತದೆ. ಜೊತೆಗೆ ಖನಿಜಗಳೂ ಹೋಗುವುದರಿಂದ ಸಕ್ಕರೆಯಿಲ್ಲದ ಖನಿಜ ಮಿಶ್ರಣವನ್ನು ಕೊಡಬೇಕಾಗುತ್ತದೆ. ವಾರಕ್ಕೆ ದೇಹತೂಕದ ಶೇ. 0.5ರಿಂದ 1ರಷ್ಟು ಇಳಿದರೆ ಸಾಕು, ಅವಸರ ಬೇಡ.

ಇನ್ನು ಜೀನು. ಹೊಟ್ಟೆಪಟ್ಟಿಯನ್ನು ನಾವು ಎಲ್ಲಿಯೇ ಕಟ್ಟಿದರೂ ಅದು ಎದೆಗೂಡಿನ ಅತಿ ಕಿರಿದಾದ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಫಿಯೋರ್ಡ್ ಕುದುರೆಗಳಲ್ಲಿ ಆ ಜಾಗ ಮೊಣಕೈಯ ಹಿಂದೆಯೇ ಇರುತ್ತದೆ. ಹಿಂದಿನಿಂದ ಉಬ್ಬಿದ ಹೊಟ್ಟೆ ಪಟ್ಟಿಯನ್ನು ಮುಂದಕ್ಕೆ ನೂಕುತ್ತದೆ. ಹೆಗಲಿನ ಉಬ್ಬು ತಗ್ಗಾಗಿರುವುದರಿಂದ ಜೀನನ್ನು ತಡೆಯುವುದು ಏನೂ ಇಲ್ಲ. ಪಟ್ಟಿ ಮುಂದಕ್ಕೆ ಹೋದಾಗ ಜೀನು ಅದರ ಹಿಂದೆಯೇ ಹೋಗುತ್ತದೆ. ಬಿಗಿದಷ್ಟೂ ಎಳೆತ ಹೆಚ್ಚುತ್ತದೆ. ದಪ್ಪ ಪ್ಯಾಡ್ ಜೀನನ್ನು ಬೆನ್ನಿನಿಂದ ಮೇಲೆತ್ತಿ ಉರುಳುವಂತೆ ಮಾಡಿದ್ದನ್ನು ನೀವೇ ಕಂಡಿದ್ದೀರಿ. ಅದನ್ನು ಮೊದಲು ತೆಗೆಯಿರಿ. ನಡುಭಾಗ ಮುಂದಕ್ಕೆ ಬಾಗಿದ ಹೊಟ್ಟೆಪಟ್ಟಿಗಳು ಸಿಗುತ್ತವೆ. ಅವುಗಳ ನಡುಭಾಗ ಕಿರಿದಾದ ಜಾಗದಲ್ಲಿ ಕೂತರೂ ಬಕಲುಗಳು ಹಿಂದೆಯೇ ಉಳಿಯುವುದರಿಂದ ಜೀನನ್ನು ಮುಂದಕ್ಕೆ ಎಳೆಯುವುದಿಲ್ಲ. ಜೀನಿನ ಒಳಚೌಕಟ್ಟು ಚಪ್ಪಟೆ ಬೆನ್ನಿಗೆ ತಕ್ಕಂತೆ ಅಗಲವಾಗಿರಬೇಕು, ಉದ್ದದಲ್ಲಿ ಕೊನೆಯ ಪಕ್ಕೆಲುಬನ್ನು ದಾಟಬಾರದು. ಆದರೆ ಹೊಸ ಜೀನನ್ನು ಈಗ ಕೊಳ್ಳಬೇಡಿ: 525 ಕಿಲೋದ ಬೆನ್ನಿಗೆ ಕೊಂಡದ್ದು 460 ಕಿಲೋದ ಬೆನ್ನಿಗೆ ಕೂರುವುದಿಲ್ಲ.

ಉತ್ತರ: ಜೋಡುಗಾಲಿ

ಜೀನಿನ ಬಗ್ಗೆ ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಕ್ರಪ್ಪರ್ ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಅಭಿಪ್ರಾಯ. ಕಡಿದಾದ ಗುಡ್ಡದಾರಿಯಲ್ಲಿ, ಸರಿಯಾಗಿ ಹೊಂದಿದ ಜೀನಿನ ಜೊತೆಗೆ, ಬಾಲದ ಕೆಳಗಿನ ಸ್ಪರ್ಶಕ್ಕೆ ಮೊದಲೇ ರೂಢಿಯಾಗಿರುವ ಕುದುರೆಗೆ ಅದು ಉಪಯುಕ್ತ ವಸ್ತುವೇ. ಹೊಂದದ ಜೀನನ್ನು ಹಿಡಿದಿಡಲು ಬಳಸಿದರೆ ಮಾತ್ರ ಬಾಲದ ಬುಡ ಹುಣ್ಣಾಗುತ್ತದೆ.

ನಾನು ಬರೆಯಹೊರಟದ್ದು ಟ್ರೇಲರ್ ಬಗ್ಗೆ. ನೋಂದಣಿ ಪತ್ರದಲ್ಲಿರುವ ಗರಿಷ್ಠ ಒಟ್ಟು ತೂಕದಿಂದ ಖಾಲಿ ಟ್ರೇಲರಿನ ತೂಕವನ್ನು ಕಳೆಯಿರಿ. ಉಳಿದದ್ದಷ್ಟೇ ನೀವು ಹೇರಬಹುದಾದ ಭಾರ. ಕುದುರೆಯ ತೂಕವನ್ನು 430 ಎಂದು ನಂಬಿದ್ದವರಿಗೆ ಈ ಲೆಕ್ಕ ಆಘಾತ ತರಬಹುದು.

ಕುದುರೆ ತಿರುವಿನಲ್ಲಿ ಬೀಳದಿರಲು ಕಾಲುಗಳನ್ನು ಅಗಲಿಸಿ ನಿಲ್ಲುತ್ತದೆ. ಟ್ರೇಲರನ್ನು ಉದ್ದಕ್ಕೆ ಎರಡು ಪಾಲು ಮಾಡುವ ನಡುವಿನ ತಡೆ ನೆಲದವರೆಗೂ ಇದ್ದು, ಕುದುರೆಯ ಮೈ ಅಗಲವಾಗಿದ್ದರೆ ಕಾಲಿಗೆ ಜಾಗವೇ ಸಾಲದು. ಬಡಿತದ ಸದ್ದಿಗೆ ಅದೇ ಕಾರಣವಿರಬಹುದು. ಕೆಳಭಾಗ ತೆರೆದಿರುವ ತಡೆ ಈ ತಳಿಗೆ ಮೇಲು. ಕಂಬಳಿಯನ್ನು ಮನೆಯಲ್ಲೇ ಬಿಡಿ. ಎರಡು ಪದರದ ಕೂದಲಿನ ಕುದುರೆಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚಿದರೆ ಬೆವರದೆ ಇನ್ನೇನಾದೀತು? ಗಾಳಿಯಾಡುವ ಕಿಂಡಿಗಳು ತೆರೆದಿರಲಿ. ಹಗ್ಗವನ್ನು ತಲೆ ತಗ್ಗಿಸಲು ಆಗುವಷ್ಟು ಸಡಿಲವಾಗಿ ಕಟ್ಟಿ. ತಲೆಯನ್ನು ಗಂಟೆಗಟ್ಟಲೆ ಎತ್ತಿ ಕಟ್ಟಿದರೆ ಶ್ವಾಸನಾಳದ ಕೊಳೆ ಹೊರಬರದೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ದೂರದ ದಾರಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ.

ಹತ್ತಿಸುವಾಗ ಮೊದಲು ಹಿಂದಿನ ಅಡ್ಡಪಟ್ಟಿ, ಆಮೇಲೆ ತಲೆಯ ಹಗ್ಗ; ಇಳಿಸುವಾಗ ಮೊದಲು ತಲೆಯ ಹಗ್ಗ, ಆಮೇಲೆ ಅಡ್ಡಪಟ್ಟಿ. ಈ ಕ್ರಮ ತಪ್ಪಿದಾಗ ತಲೆ ಕಟ್ಟಿರುವ ಕುದುರೆ ಹಿಂದಕ್ಕೆ ನುಗ್ಗಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರ‍್ಯಾಂಪ್ ಹತ್ತಲು ಒಲ್ಲದ ಸಾಧು ಕುದುರೆಯನ್ನು ಹಟಮಾರಿ ಎನ್ನುವ ಮುನ್ನ ರಬ್ಬರ್ ಹಾಸನ್ನು ಎತ್ತಿ ಹಲಗೆಗಳನ್ನು ನೋಡಿ. ಮೂತ್ರ ಸೋರಿ ಮರ ಒಳಗೊಳಗೇ ಕೊಳೆಯುತ್ತದೆ, ಮೇಲಿನಿಂದ ಏನೂ ತಿಳಿಯುವುದಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಅಂಗುಲ ಅಂಗುಲವಾಗಿ ಚುಚ್ಚಿ ನೋಡಿ.

ಮರುಬರಹ: ಹೊಸ ಸವಾರ

ಮೂರನೆಯ ಹಲಗೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋಯಿತು. ಬೆಣ್ಣೆಗೆ ಚಾಕು ಹಾಕಿದಂತೆ! ಕುದುರೆಯ ಬಲ ಹಿಂಗಾಲು ನಿಲ್ಲುವ ಜಾಗ ಸರಿಯಾಗಿ ಅದೇ. ಟ್ರೇಲರ್ ಮಾರಿದವರು ನೆಲ ಹೊಸದೆಂದು ಹೇಳಿದ್ದರು. ಹೊಸದಾಗಿದ್ದದ್ದು ರಬ್ಬರ್ ಹಾಸು ಮಾತ್ರ. ಗರಿಷ್ಠ ತೂಕ 1,300, ಖಾಲಿ ತೂಕ 780, ಉಳಿಯುವುದು 520. ಹುಲ್ಲು, ನೀರು, ಜೀನು ಯಾವುದನ್ನೂ ಸೇರಿಸದೆಯೇ ನಾನು ಮಿತಿಯನ್ನು ಮೀರಿದ್ದೆ. ಸದ್ಯಕ್ಕೆ ಟ್ರೇಲರ್ ಕದಲುವುದಿಲ್ಲ.

ಪಶುವೈದ್ಯರು ಬಂದುಹೋದರು. ಇನ್ಸುಲಿನ್ ಮಟ್ಟ ಹೆಚ್ಚಿದೆ. ಎಕ್ಸ್‌ರೇಯಲ್ಲಿ ಗೊರಸಿನ ಎಲುಬು ಅದೃಷ್ಟವಶಾತ್ ಸ್ಥಾನ ಬಿಟ್ಟು ಸರಿದಿಲ್ಲ. ಲಾಳ ಕಟ್ಟುವವರು ಅದೇ ಎಕ್ಸ್‌ರೇ ನೋಡಿ ಗೊರಸಿನ ಮುಂಭಾಗವನ್ನು ಕತ್ತರಿಸಿ ಸರಿಪಡಿಸಿದ್ದಾರೆ. ಮೆದು ನೆಲದಲ್ಲಿ ಕೈಹಿಡಿದು ನಡೆಸಲು ಎರಡು ವಾರದ ನಂತರ ಅನುಮತಿ ಇದೆ.

ಮರುಬರಹ, ಹನ್ನೆರಡು ವಾರಗಳ ನಂತರ: ಹೊಸ ಸವಾರ

ಸುತ್ತಳತೆ 200ರಿಂದ 193ಕ್ಕೆ ಇಳಿದಿದೆ, ಲೆಕ್ಕದಲ್ಲಿ ತೂಕ 489 ಕಿಲೋ. ಮೊದಲ ಮೂರು ವಾರ ಟೇಪು ಒಂದು ಸೆಂಟಿಮೀಟರ್ ಕೂಡ ಅಲುಗಲಿಲ್ಲ; ಬೇಲಿಯಾಚೆಯ ಹಸಿರು ಹುಲ್ಲಿಗೆ ಅದು ಕುತ್ತಿಗೆ ಚಾಚುತ್ತಿದ್ದುದು ಆಮೇಲೆ ತಿಳಿಯಿತು. ಹೊರಗೆ ಬಿಡುವಾಗ ಈಗ ಮೂತಿಗೆ ಮೇವು ತಡೆಯುವ ಬುಟ್ಟಿ ಹಾಕುತ್ತೇನೆ. ವೈದ್ಯರ ಒಪ್ಪಿಗೆಯ ಮೇರೆಗೆ ವಾರಕ್ಕೆ ಐದು ದಿನ ಕೆಲಸವಿದೆ.

ಬಾಗಿದ ಹೊಟ್ಟೆಪಟ್ಟಿ ಹಾಕಿದ ಮೇಲೆ ಹಳೆಯ ಜೀನು ಇಳಿಜಾರಿನಲ್ಲಿ ಒಂದು ಬೆರಳಿಗಿಂತ ಹೆಚ್ಚು ಸರಿಯುವುದಿಲ್ಲ. ಟ್ರೇಲರ್‌ಗೆ ಹೊಸ ಹಲಗೆ ಹಾಕಿಸಿ, ತಡೆಯ ಕೆಳಭಾಗ ತೆಗೆಸಿದೆ. ನೀರು, ಹುಲ್ಲು, ಜೀನುಗಳನ್ನು ಕಾರಿನಲ್ಲಿ ಇಟ್ಟುಕೊಂಡು, ವಾಹನ ತೂಗುವ ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕ ನೋಡಿಯೇ ಹೊರಟೆ. ಮೊದಲ ದಿನ ಕುದುರೆ ರ‍್ಯಾಂಪಿನ ಬುಡದಲ್ಲಿ ನಿಂತು ನೆಲವನ್ನು ಒಂದು ಕಾಲಿನಿಂದ ಎರಡು ಸಲ ತಟ್ಟಿ ನೋಡಿ, ತಾನಾಗಿಯೇ ಒಳಗೆ ಹೋಯಿತು. ಇಳಿದಾಗ ಕಿವಿಯ ಹಿಂದೆ ಮಾತ್ರ ತೇವವಿತ್ತು.

ಒಂದು ಪ್ರಶ್ನೆ ಉಳಿದಿದೆ. ಹೊಸ ಜೀನಿಗೆ ಯಾವಾಗ ಅಳತೆ ಕೊಡಲಿ?

ಉತ್ತರ: ಹಳೆಯ ಲಗಾಮು

ಬಾಗಿಸಿದ ಆಕಾರದಲ್ಲೇ ನಿಲ್ಲುವ ರಬ್ಬರ್ ಅಳತೆಪಟ್ಟಿಯನ್ನು ಹೆಗಲಿನ ಉಬ್ಬಿನ ಹಿಂದೆ ಬೆನ್ನಿನ ಮೇಲೆ ಒತ್ತಿ, ಆ ಬಾಗನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಎಳೆದುಕೊಂಡು ದಿನಾಂಕ ಬರೆಯಿರಿ. ನಾಲ್ಕು ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಕಾಗದದ ಮೇಲೆ ಮತ್ತೆ ಎಳೆಯಿರಿ. ಹೊಸ ಗೆರೆ ಹಳೆಯ ಗೆರೆಯ ಒಳಗೆ ಬೀಳುತ್ತಿರುವವರೆಗೆ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳಿ. ಎರಡು ಗೆರೆಗಳು ಒಂದರ ಮೇಲೊಂದು ಕೂತ ತಿಂಗಳು ಜೀನು ಮಾಡುವವರನ್ನು ಕರೆಸಿ, ಕಾಗದವನ್ನು ಅವರ ಕೈಗೆ ಕೊಡಿ.